ಅಪ್‌ಡೇಟ್: ನೇಪಲ್ಸ್ ಬಂದರಿನಿಂದ ಅಮಾಲ್ಫಿ ಕರಾವಳಿಗೆ

ಕ್ರೂಸ್ ಹಡಗು ಇಟಲಿಯ ನೇಪಲ್ಸ್‌ನಲ್ಲಿ ನಿಲ್ಲುವ ದಿನ ಅಪ್ಪ ಅಮ್ಮನನ್ನು ನಾವೇ ಅಮಾಲ್ಫಿ ಕರಾವಳಿಗೆ ಕರೆದೊಯ್ಯುವುದು ಹೇಗೆ ಎಂದು ಇಲ್ಲಿ ಕೇಳಿದ್ದೆ. ಹೋಗಿ ಬಂದೆವು, ಹಡಗನ್ನೂ ನೆಮ್ಮದಿಯಾಗಿ ಹತ್ತಿದೆವು!

ಕರಾವಳಿಯ ಇನ್ನೊಂದು ತುದಿಯ ಸಲೆರ್ನೊ ಊರಿನವರೆಗೆ ರೈಲು, ಅಲ್ಲಿಂದ ದೋಣಿ ಎಂಬ ಸಲಹೆ ನಡೆಯಲಿಲ್ಲ. ಗಾಳಿಗೆ ಕಡಲು ಎದ್ದು ದೋಣಿಗಳು ನಿಂತಿದ್ದವು. ಕೈಹಿಡಿದದ್ದು, ಚಾಲಕನಿರುವ ಕಾರು ಗೊತ್ತುಮಾಡಿ ಎಲ್ಲರೂ ಹೋಗುವುದಕ್ಕೆ ಉಲ್ಟಾ ದಿಕ್ಕಿನಿಂದ ಸುತ್ತಿ ಎಂದವರ ಮಾತು: ಕ್ಯುಂಜಿ ಘಾಟಿಯ ಮೂಲಕ ಮೊದಲು ಬೆಟ್ಟದ ಮೇಲಿನ ಊರು ರವೆಲ್ಲೊ, ಆಮೇಲೆ ಅಮಾಲ್ಫಿ, ಕೊನೆಗೆ ಪೊಸಿಟಾನೊ. ರವೆಲ್ಲೊದ ಹಳೆಯ ಬಂಗಲೆ ವಿಲ್ಲಾ ರುಫೊಲೊದ ತೋಟದಿಂದ ಕಾಣುವ ಸಮುದ್ರಕ್ಕಾಗಿಯೇ ಇಷ್ಟು ದೂರ ಬರಬಹುದು. 1880ರಲ್ಲಿ ಸಂಗೀತಗಾರ ವಾಗ್ನರ್ ಇಲ್ಲಿಗೆ ಬಂದಿದ್ದರಂತೆ.

ಹೊಸದಾಗಿ ತಿಳಿದದ್ದು: ದಟ್ಟಣೆಯ ದಿನಗಳಲ್ಲಿ ಈ ಕರಾವಳಿ ರಸ್ತೆಯಲ್ಲಿ ಸಮ-ಬೆಸ ನಂಬರ್ ಪ್ಲೇಟ್ ನಿಯಮವಿದೆ; ಟ್ಯಾಕ್ಸಿ, ಚಾಲಕಸಹಿತ ಬಾಡಿಗೆ ಕಾರುಗಳಿಗೆ ವಿನಾಯಿತಿ. ಪೊಸಿಟಾನೊದಲ್ಲಿ ಮೆಟ್ಟಿಲುಗಳು ಬಹಳ. ಮೊಣಕಾಲು ನೋವಿರುವವರು ಮೇಲಿನ ರಸ್ತೆಯಿಂದಲೇ ನೋಡಬಹುದು, ಅಮ್ಮ ಹಾಗೆಯೇ ಮಾಡಿದರು.