ಗೆದ್ದ ಟ್ರೋಫಿ ಇಡೋಕೆ ಕೋಣೆ ಬೇಕಾ, ಪಟ್ಟಿ ಸಾಕಾ?

ಹಳೇ_ಡ್ಯುಯಲ್‌ಶಾಕ್:
ಪಿಎಸ್3, ಅಂದರೆ ಸೋನಿಯ ಪ್ಲೇಸ್ಟೇಷನ್ 3 ಗೇಮ್ ಕನ್ಸೋಲ್, ಇದ್ದ ಕಾಲದವರಿಗೆ ನೆನಪಿರಬಹುದು. 2007ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಸೋನಿಯ ಫಿಲ್ ಹ್ಯಾರಿಸನ್ ವೇದಿಕೆ ಮೇಲೆ ಪ್ಲೇಸ್ಟೇಷನ್ ಹೋಮ್ ಅನ್ನೋ ಆನ್‌ಲೈನ್ ಲೋಕ ತೋರಿಸಿದರು. ನಮಗೊಂದು ಅವತಾರ್, ಅದಕ್ಕೊಂದು ಮನೆ, ಓಡಾಡೋಕೆ ಚೌಕ, ಇದೆಲ್ಲದರ ಜೊತೆಗೆ ಹಾಲ್ ಆಫ್ ಫೇಮ್ ಅಂತ ಒಂದು ಜಾಗ. ಗೇಮ್‌ಗಳಲ್ಲಿ ಒಂದೊಂದು ಸವಾಲು ಮುಗಿಸಿ ಗೆದ್ದ ಟ್ರೋಫಿಗಳು ಅಲ್ಲಿ 3ಡಿ ಆಕೃತಿಗಳಾಗಿ ನಿಂತಿರುತ್ತವೆ, ಸ್ನೇಹಿತರು ಬಂದು ಸುತ್ತಾಡಿ ನೋಡಬಹುದು ಅಂತ ಮಾತು.

ಆಮೇಲೇನಾಯ್ತು? 2008ರ ಜುಲೈನಲ್ಲಿ 2.40 ಅಪ್‌ಡೇಟ್ ಜೊತೆ ಟ್ರೋಫಿ ಬಂತು. ಕಂಚು, ಬೆಳ್ಳಿ, ಚಿನ್ನ, ಎಲ್ಲವನ್ನೂ ಗೆದ್ದರೆ ಪ್ಲಾಟಿನಂ. ಆದರೆ ಮೆನುವಿನೊಳಗೆ ಒಂದು ಪಟ್ಟಿಯಾಗಿ ಬಂತು. ಅದೇ ಡಿಸೆಂಬರ್‌ನಲ್ಲಿ ಹೋಮ್ ಎಲ್ಲರಿಗೂ ತೆರೆಯಿತು, 2015ರ ಮಾರ್ಚ್ 31ಕ್ಕೆ ಮುಚ್ಚಿತು. ಅಷ್ಟು ವರ್ಷದಲ್ಲಿ ಸೋಫಾ ಮಾರಿದರು, ಅಂಗಿ ಮಾರಿದರು, ಬಂಗಲೆ ಮಾರಿದರು. ಅವತ್ತು ವೇದಿಕೆ ಮೇಲೆ ತೋರಿಸಿದ ಆ ಹಾಲ್ ಮಾತ್ರ ಬರಲೇ ಇಲ್ಲ. ನನ್ನ ಪ್ರಕಾರ ಅದು ದೊಡ್ಡ ನಷ್ಟ. ಪಟ್ಟಿ ನೋಡಿದರೆ ಏನೂ ಅನ್ನಿಸುವುದಿಲ್ಲ. ನಿಮಗೆ ಅನ್ನಿಸುತ್ತಾ?

ಪ್ಲಾಟಿನಂ_ಪುಟ್ಟ:
ನನಗೆ ಅನ್ನಿಸುತ್ತೆ ಸ್ವಾಮಿ. ಪಿಎಸ್4 ಬಂದ ಮೇಲೆ ಪ್ರತಿ ಟ್ರೋಫಿ ಪಕ್ಕ ಎಷ್ಟು ಶೇಕಡಾ ಜನರಿಗೆ ಅದು ಸಿಕ್ಕಿದೆ ಅಂತ ತೋರಿಸುತ್ತಾರೆ, ತೀರಾ ಕಡಿಮೆ ಜನರಿಗೆ ಸಿಕ್ಕಿದ್ದರೆ ಅಲ್ಟ್ರಾ ರೇರ್ ಅಂತ ಬರೆದಿರುತ್ತೆ. ಆ ಒಂದು ಸಂಖ್ಯೆ ಹೇಳುವಷ್ಟನ್ನು ಯಾವ 3ಡಿ ಬಟ್ಟಲೂ ಹೇಳಲ್ಲ. ಕೋಣೆಯೊಳಗೆ ಹೋಗಿ, ಅವತಾರ್ ನಡೆಸಿಕೊಂಡು, ಲೋಡಿಂಗ್ ಕಾದು ನೋಡುವ ವ್ಯವಧಾನ ಯಾರಿಗಿದೆ? ಹೋಮ್ ಶುರುವಾದಾಗ ಬೌಲಿಂಗ್ ಆಡೋಕೂ ಕ್ಯೂ ನಿಲ್ಲಬೇಕಿತ್ತು, ನೆನಪಿದೆ ತಾನೇ? ಇಲ್ಲದ ಬೌಲಿಂಗ್‌ಗೆ ಇಲ್ಲದ ಕ್ಯೂ!

ಹಳೇ_ಡ್ಯುಯಲ್‌ಶಾಕ್:
ಕ್ಯೂ ನೆನಪಿದೆ 😄 ಆದರೆ ಶೇಕಡಾವಾರು ಹೇಳೋದು ಬೇರೆಯವರ ಲೆಕ್ಕ. ನಾನು ಎಲ್ಲಿ ಸಿಕ್ಕಿಕೊಂಡೆ, ಹೇಗೆ ದಾಟಿದೆ ಅನ್ನೋದು ಅದರಲ್ಲಿ ಎಲ್ಲಿದೆ?

ಬಗ್_ಹಿಡಿಯೋನು:
ಗೇಮ್ ಮಾಡುವ ಕಡೆಯಿಂದ ಒಂದು ಮಾತು, ನನ್ನ ಕೆಲಸವೇ ಅದು. 3ಡಿ ಟ್ರೋಫಿ ಅಂದರೆ ಪ್ರತಿ ಗೇಮ್‌ನವರೂ ಪ್ರತಿ ಟ್ರೋಫಿಗೆ ಒಂದೊಂದು ಮಾಡೆಲ್ ಕೆತ್ತಬೇಕು, ಬಣ್ಣ ಹಚ್ಚಬೇಕು, ಪರೀಕ್ಷೆ ಮಾಡಬೇಕು. ಒಂದೊಂದು ಗೇಮ್‌ಗೆ ನಲವತ್ತು ಐವತ್ತು ಟ್ರೋಫಿ ಇರುತ್ತೆ. 2009ರ ಜನವರಿಯಿಂದ ಹೊಸ ಗೇಮ್‌ಗಳಿಗೆಲ್ಲ ಟ್ರೋಫಿ ಕಡ್ಡಾಯ ಮಾಡಿದರು. ಆಗ ಚಿಕ್ಕ ಸ್ಟುಡಿಯೋಗೆ ‘ಚಿಕ್ಕ ಐಕಾನ್ ಕೊಡಿ ಸಾಕು’ ಅನ್ನೋದಕ್ಕೂ ‘ಐವತ್ತು ಮೂರ್ತಿ ಕೊಡಿ’ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಯೋಚನೆ ಮಾಡಿ. ಮೆಮೊರಿ ಕೂಡ ನೋಡಿ. ಪಿಎಸ್3ಯಲ್ಲಿ ಇದ್ದದ್ದು 256 ಎಂಬಿ ಮುಖ್ಯ ಮೆಮೊರಿ, ಗ್ರಾಫಿಕ್ಸ್‌ಗೆ ಇನ್ನೊಂದು 256. ಸಾವಿರ ಟ್ರೋಫಿ ಇರೋನ ಹಾಲ್‌ಗೆ ನಾಲ್ಕು ಜನ ನೆಂಟರು ಬಂದರೆ ಮುಗೀತು ಕಥೆ.

ನಿಂಟೆಂಡೋದವರು ಸ್ಮ್ಯಾಶ್ ಬ್ರದರ್ಸ್ ಗೇಮ್‌ಗಳಲ್ಲಿ ಇದನ್ನೇ ಚೆನ್ನಾಗಿ ಮಾಡುತ್ತಿದ್ದರು. 2001ರ ಮೆಲೀಯಲ್ಲಿ ಸುಮಾರು ಮುನ್ನೂರು ಟ್ರೋಫಿ, ಪ್ರತಿಯೊಂದಕ್ಕೂ ಪುಟ್ಟ ವಿವರಣೆ, ತಿರುಗಿಸಿ ನೋಡಬಹುದು. 2018ರ ಅಲ್ಟಿಮೇಟ್‌ನಲ್ಲಿ ಅದನ್ನು ಕೈಬಿಟ್ಟು ಸ್ಪಿರಿಟ್ ಅಂತ ಚಪ್ಪಟೆ ಚಿತ್ರಗಳನ್ನು ಇಟ್ಟರು. ಅವರಿಗೇ ಭಾರ ಅನ್ನಿಸಿರಬೇಕಾದರೆ ಉಳಿದವರ ಪಾಡೇನು.

ಅಣಬೆ_ಸಾರು:
ನಿಂಟೆಂಡೋ ಸ್ವಿಚ್ ಕನ್ಸೋಲ್ ಇಟ್ಟುಕೊಂಡಿರುವ ನಮಗೆ ಟ್ರೋಫಿ ವ್ಯವಸ್ಥೆಯೇ ಇಲ್ಲ, ನಿಮ್ಮ ಜಗಳ ನೋಡಿ ನಗು ಬರುತ್ತೆ. ಆದರೆ ಕೋಣೆ ಇದೆ! ಅನಿಮಲ್ ಕ್ರಾಸಿಂಗ್ ನ್ಯೂ ಹೊರೈಜನ್ಸ್ ಗೇಮ್‌ನ ಮ್ಯೂಸಿಯಂ ನೋಡಿದ್ದೀರಾ? 80 ಮೀನು, 80 ಹುಳ, 40 ಕಡಲ ಜೀವಿ, 73 ಪಳೆಯುಳಿಕೆ ತುಂಡು. ಜೊತೆಗೆ ಚಿತ್ರಕಲೆ. ನೀವು ಹಿಡಿದು ಕೊಟ್ಟಿದ್ದೇ ಅಲ್ಲಿ ಈಜುತ್ತಿರುತ್ತೆ. ನರಿ ರೆಡ್ ಹತ್ತಿರ ನಕಲಿ ಚಿತ್ರ ಕೊಂಡುಕೊಂಡು ಹೋದರೆ ಗೂಬೆ ಬ್ಲ್ಯಾದರ್ಸ್ ಮುಖಕ್ಕೆ ಹೊಡೆದ ಹಾಗೆ ವಾಪಸ್ ಕೊಡುತ್ತಾನೆ. 2020ರ ಲಾಕ್‌ಡೌನ್‌ನಲ್ಲಿ ನನ್ನ ತಂಗಿ ಟೊರಾಂಟೋದಿಂದ, ನಾನು ಮೈಸೂರಿಂದ, ಇಬ್ಬರೂ ಒಂದೇ ಮ್ಯೂಸಿಯಂನಲ್ಲಿ ಶಾರ್ಕ್ ಮುಂದೆ ಕೂತು ಹರಟೆ ಹೊಡೆಯುತ್ತಿದ್ದೆವು. ಪಟ್ಟಿ ಮುಂದೆ ಯಾರಾದರೂ ಕೂರುತ್ತಾರಾ?

ಪ್ಲಾಟಿನಂ_ಪುಟ್ಟ:
ಅದು ಟ್ರೋಫಿ ಅಲ್ಲವಲ್ಲ. ಮೀನು ಹಿಡಿಯೋದೇ ಆ ಗೇಮ್. ಟ್ರೋಫಿ ಅಂದರೆ ಕಷ್ಟಪಟ್ಟಿದ್ದಕ್ಕೆ ಸಾಕ್ಷಿ.

ಅಣಬೆ_ಸಾರು:
ಅಲ್ಲಿ ಗಾರ್ ಅನ್ನೋ ಮೀನು ಹಿಡಿದು ನೋಡಿ, ಆಮೇಲೆ ಕಷ್ಟದ ಬಗ್ಗೆ ಮಾತಾಡೋಣ.

ಮೂರನೇ_ಮಹಡಿ:
ಇಲ್ಲಿ ಎಲ್ಲರೂ ಕನ್ಸೋಲ್‌ನವರು ಕಟ್ಟಿಕೊಡುವ ಕೋಣೆ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಬೇಕಾದದ್ದು ಆ ಗೇಮ್‌ನ ಒಳಗೇ ಇರುವ ಕೋಣೆ. 2009ರ ಅಸಾಸಿನ್ಸ್ ಕ್ರೀಡ್ 2 ತಗೊಳ್ಳಿ. ಮಾಂಟೆರಿಜೋನಿಯ ವಿಲ್ಲಾ. ಮೊದಲ ಸಲ ಹೋದಾಗ ಪಾಳು ಬಿದ್ದ ಊರು. ದುಡ್ಡು ಹಾಕಿ ಅಂಗಡಿ ರಿಪೇರಿ ಮಾಡಿಸಿ, ಚಿತ್ರ ಕೊಂಡು ಗೋಡೆಗೆ ಹಾಕಿ, ಕತ್ತಿ ಕವಚ ಎಲ್ಲ ಸಾಲಾಗಿ ನಿಲ್ಲಿಸಿ, ಕೋಡೆಕ್ಸ್ ಅನ್ನೋ ಹಳೇ ಗ್ರಂಥದ 30 ಹಾಳೆ ಗೋಡೆಗೆ ಜೋಡಿಸುವ ಹೊತ್ತಿಗೆ ಆ ಮನೆ ನಿಜವಾಗಲೂ ನಮ್ಮದಾಗಿರುತ್ತೆ. ಎಲ್ಲಕ್ಕಿಂತ ಹೆಚ್ಚು ಆ 100 ಗರಿಗಳು. ನಾಯಕ ಎಟ್ಸಿಯೋನ ಪುಟ್ಟ ತಮ್ಮ ಪೆಟ್ರುಚಿಯೋ ಕೂಡಿಸುತ್ತಿದ್ದ ಗರಿ. ಅವನನ್ನು ಗಲ್ಲಿಗೇರಿಸುತ್ತಾರೆ. ಆಮೇಲೆ ಇಟಲಿಯ ಊರೂರು ಹತ್ತಿ ಇಳಿದು ಅವನ್ನು ತಂದು, ಮಾತು ಬಿಟ್ಟು ಕೂತಿರುವ ತಾಯಿಯ ಕೋಣೆಯ ಪೆಟ್ಟಿಗೆಗೆ ಹಾಕಬೇಕು. ಪಟ್ಟಿಯಲ್ಲಿ ಇದೇ ಕೆಲಸ ಒಂದು ಸಾಲು ಅಷ್ಟೆ. ಆ ಪೆಟ್ಟಿಗೆ ಇಲ್ಲದಿದ್ದರೆ ನಾನಂತೂ ಮುಗಿಸುತ್ತಿರಲಿಲ್ಲ.

ಮತ್ತೆ ಬಹುಮಾನ ಏನು ಗೊತ್ತಾ? ಒಂದು ಮೇಲಂಗಿ. ಹಾಕಿಕೊಂಡರೆ ಎಲ್ಲ ಊರಲ್ಲೂ ಕಾವಲುಗಾರರು ಗುರುತು ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ಕಷ್ಟಪಟ್ಟಿದ್ದಕ್ಕೆ ಇನ್ನಷ್ಟು ಕಷ್ಟ!

ಬಗ್_ಹಿಡಿಯೋನು:
ಮುಂದಿನ ಭಾಗ ಬ್ರದರ್‌ಹುಡ್‌ನ ಶುರುವಿನಲ್ಲೇ ಖಳನಾಯಕ ಚೆಜರೆ ಬೋರ್ಜಾ ಫಿರಂಗಿ ತಂದು ಆ ವಿಲ್ಲಾನ ಪುಡಿ ಮಾಡುತ್ತಾನಲ್ಲ, ಅದನ್ನೂ ಹೇಳಿ 😂

ಮೂರನೇ_ಮಹಡಿ:
ಹೇಳೋಕೆ ಬಂದೆ, ನೀವು ಕಿತ್ತುಕೊಂಡಿರಿ. ಆದರೆ ಆ ಹೊಡೆತ ತಾಗಿದ್ದು ಯಾಕೆ? ಆ ಗೋಡೆಗೆ ಚಿತ್ರ ಹಾಕಿದ್ದು ನಾವೇ. ಪಟ್ಟಿಯನ್ನು ಫಿರಂಗಿಯಿಂದ ಹೊಡೆದರೆ ಯಾರಿಗೆ ನೋವು?

ಸುಮ್ನೆ_ಓದುಗ:
ನಾನು ಸ್ಕೈರಿಮ್ ಗೇಮ್ ಪಾರ್ಟಿ. 2012ರ ಹಾರ್ತ್‌ಫೈರ್ ಅನ್ನೋ ಹೆಚ್ಚುವರಿ ಭಾಗ ಹಾಕಿಕೊಂಡರೆ ಮನೆ ಕಟ್ಟಬಹುದು, ಅದರ ಉತ್ತರದ ಭಾಗಕ್ಕೆ ಟ್ರೋಫಿ ಕೋಣೆ ಆಯ್ಕೆ ಇದೆ. ಆದರೆ ಅದೇ ಜಾಗದಲ್ಲಿ ಉಗ್ರಾಣ ಅಥವಾ ಔಷಧಿ ಮಾಡುವ ಕೋಣೆ ಕೂಡ ಕಟ್ಟಬಹುದು. ಮೂರರಲ್ಲಿ ಒಂದೇ. ಉಪಯೋಗಕ್ಕೆ ಬರೋದನ್ನು ಬಿಟ್ಟು ಕೊಂದ ಕರಡಿಯ ಬೊಂಬೆ ನಿಲ್ಲಿಸೋಕೆ ಜಾಗ ಕೊಡಬೇಕು. ನಾನು ಕೊಟ್ಟೆ. ಹೆಂಡತಿ ಪಕ್ಕದಲ್ಲಿ ಕೂತು ನೋಡುತ್ತಿದ್ದವಳು ‘ಅಡುಗೆಮನೆ ಕಟ್ಟಿಲ್ವಾ?’ ಅಂದಳು. ಅದು ಪೂರ್ವದ ಭಾಗಕ್ಕೆ ಬರುತ್ತೆ, ಅಲ್ಲಿ ನಾನು ಆಯುಧ ಕೋಣೆ ಕಟ್ಟಿದ್ದೆ. ಮಾತು ಬೆಳೆಸಲಿಲ್ಲ.

ಇನ್ನು ಆ ಮ್ಯಾನೆಕಿನ್‌ಗಳು. ಕವಚ ತೊಡಿಸಿ ನಿಲ್ಲಿಸಿದ ಗೊಂಬೆಗಳು ತಾವಾಗಿಯೇ ಜಾಗ ಬಿಟ್ಟು ನಡೆದಾಡುವ ಬಗ್ ಆ ಗೇಮ್ ಆಡಿದವರಿಗೆಲ್ಲ ಗೊತ್ತು. ರಾತ್ರಿ ಒಬ್ಬನೇ ಆಡುವಾಗ ಬೇಡ.

ಹಳೇ_ಡ್ಯುಯಲ್‌ಶಾಕ್:
ಇವೆಲ್ಲ ಚೆಂದ, ಒಪ್ಪುತ್ತೀನಿ. ಆದರೆ ಸ್ಕೈರಿಮ್ ಮನೆಗೆ ನನ್ನ ಸ್ನೇಹಿತ ಬರೋಕಾಗಲ್ಲ. ಮನೆ ಹಾಲ್‌ನ ಗಾಜಿನ ಶೋಕೇಸ್‌ನಲ್ಲಿ ಅಪ್ಪನ ಕೇರಂ ಕಪ್ ಇಡೋದು ಬಂದ ನೆಂಟರು ‘ಇದು ಯಾರದ್ದು?’ ಅಂತ ಕೇಳಲಿ ಅಂತಲೇ ಅಲ್ವಾ? ಕೇಳುವವರು ಇಲ್ಲದಿದ್ದರೆ ಕಪ್‌ನ ಬೀರುವಿನಲ್ಲಿಟ್ಟರೂ ಒಂದೇ.

ಪ್ಲಾಟಿನಂ_ಪುಟ್ಟ:
ಬರುವವರು ಬರಬೇಕೆಂದರೆ ಸರ್ವರ್ ಬೇಕು. ಸರ್ವರ್ ಅಂದರೆ ಒಂದು ದಿನ ಬಂದ್. ಹೋಮ್‌ನಲ್ಲಿ ಜನ ದುಡ್ಡು ಕೊಟ್ಟು ಕೊಂಡ ಸೋಫಾ, ಬಂಗಲೆ ಎಲ್ಲ 2015ರಲ್ಲಿ ಹೋಯ್ತು. ಅದೇ ಕಾಲದಲ್ಲಿ ಗೆದ್ದ ಟ್ರೋಫಿ ಇವತ್ತಿಗೂ ಪಟ್ಟಿಯಲ್ಲಿದೆ, ಪಿಎಸ್5ನಲ್ಲಿ ಲಾಗಿನ್ ಆದರೆ ಕಾಣುತ್ತೆ. ಹಾಲ್ ಆಫ್ ಫೇಮ್ ಬಂದಿದ್ದರೂ ಅದೂ ಸೋಫಾ ಜೊತೆಗೇ ಹೋಗುತ್ತಿತ್ತು. 2022ರಲ್ಲಿ ಪ್ಲೇಸ್ಟೇಷನ್ ಸ್ಟಾರ್ಸ್ ಅಂತ ತಂದರು, ಮೊಬೈಲ್ ಆ್ಯಪ್‌ನಲ್ಲಿ 3ಡಿ ಬೊಂಬೆಗಳನ್ನು ಜೋಡಿಸಿಡೋಕೆ ಕಪಾಟು ಕೊಟ್ಟರು. 2025ರಲ್ಲಿ ಅದನ್ನೂ ನಿಲ್ಲಿಸುತ್ತೇವೆ ಅಂದರು. ಇನ್ನು ಯಾವ ಧೈರ್ಯದ ಮೇಲೆ ಕೋಣೆ ಕೇಳೋದು?

ಅಣಬೆ_ಸಾರು:
ಈ ಪಾಯಿಂಟ್ ಗಟ್ಟಿ ಇದೆ.

ಬಗ್_ಹಿಡಿಯೋನು:
ಒಂದು ತಿದ್ದುಪಡಿ. ಹೋಮ್ ಪೂರ್ತಿ ಸತ್ತಿಲ್ಲ. ಅಭಿಮಾನಿಗಳು ಹಳೇ ಫೈಲ್‌ಗಳನ್ನು ಹುಡುಕಿ ಕೂಡಿಸಿ ತಮ್ಮದೇ ಸರ್ವರ್‌ಗಳಲ್ಲಿ ಮತ್ತೆ ಓಡಿಸುತ್ತಿದ್ದಾರೆ. ಯಾರೂ ಸಂಬಳ ಕೊಡದ ಕೆಲಸ. ಕೋಣೆ ಅನ್ನೋದು ಜನರಿಗೆ ಬೇಡವಾಗಿದ್ದರೆ ಯಾರು ಮಾಡುತ್ತಿದ್ದರು? ಮೆನು ಪಟ್ಟಿಗೋಸ್ಕರ ಇಷ್ಟು ಒದ್ದಾಡಿದವರನ್ನು ನಾನು ನೋಡಿಲ್ಲ.

ಮೂರನೇ_ಮಹಡಿ:
ತಮಾಷೆ ಅಂದರೆ ಸೋನಿ ಕೊನೆಗೂ ಅಂಥದ್ದೊಂದು ಕೋಣೆ ಕಟ್ಟಿತು. 2020ರಲ್ಲಿ ಪಿಎಸ್5 ಜೊತೆಗೇ ಬಂದ ಆಸ್ಟ್ರೋಸ್ ಪ್ಲೇರೂಮ್‌ನಲ್ಲಿ ಪ್ಲೇಸ್ಟೇಷನ್ ಲ್ಯಾಬೋ ಅಂತ ಇದೆ. ಸುತ್ತಾಡಬಹುದು, ಹೊಡೆದು ನೋಡಬಹುದು, ಬಲು ಚೆಂದ. ಆದರೆ ಅಲ್ಲಿ ಇಟ್ಟಿರೋದು ಏನು? ಅವರದ್ದೇ ಹಳೇ ಕನ್ಸೋಲ್, ಅವರದ್ದೇ ಮೆಮೊರಿ ಕಾರ್ಡ್, ಅವರದ್ದೇ ಕ್ಯಾಮೆರಾ. ನಾವು ಗೆದ್ದದ್ದಕ್ಕೆ ಕೋಣೆ ಕೇಳಿದರೆ ಅವರು ಮಾರಿದ್ದಕ್ಕೆ ಕೋಣೆ ಕಟ್ಟಿದರು!

ಸುಮ್ನೆ_ಓದುಗ:
😂😂 ಇದಕ್ಕೆ ಪ್ಲಾಟಿನಂ ಕೊಡಿ ಯಾರಾದರೂ.

ಹಳೇ_ಡ್ಯುಯಲ್‌ಶಾಕ್:
ಸರಿ, ಹೀಗೆ ಮಾಡಬಹುದಾ? ಕೋಣೆ ನಮ್ಮ ಕನ್ಸೋಲ್‌ನಲ್ಲೇ ಇರಲಿ, ಸೇವ್ ಫೈಲ್ ಥರ. ಸ್ನೇಹಿತರು ಬರಬೇಕೆಂದಾಗ ಮಾತ್ರ ಆನ್‌ಲೈನ್. ಪ್ರತಿ ಗೇಮ್‌ಗೆ ಐವತ್ತು ಮೂರ್ತಿ ಬೇಡ, ಪ್ಲಾಟಿನಂಗೆ ಮಾತ್ರ ಒಂದು. ಆಗ ಮಾಡೆಲ್ ಮಾಡುವವರ ಮೇಲೂ ಹೊರೆ ಕಡಿಮೆ.

ಬಗ್_ಹಿಡಿಯೋನು:
ಒಂದು ಗೇಮ್‌ಗೆ ಒಂದು ಮೂರ್ತಿ ಅಂದರೆ ಚಿಕ್ಕ ಸ್ಟುಡಿಯೋನೂ ಒಪ್ಪುತ್ತೆ. ಪಿಎಸ್5ಗೆ 16 ಜಿಬಿ ಮೆಮೊರಿ ಇದೆ, ಆ ನೆಪ ಈಗ ಇಲ್ಲ.

ಪ್ಲಾಟಿನಂ_ಪುಟ್ಟ:
ಆಗ ಆ ಅಗ್ಗದ ಗೇಮ್‌ಗಳ ಗತಿ? ಒಂದೇ ಬಟನ್ ಒತ್ತುತ್ತಾ ಕೂತರೆ ಕಾಫಿ ಆರುವಷ್ಟರಲ್ಲಿ ಪ್ಲಾಟಿನಂ ಬರುತ್ತೆ. ಅಂಥವು ಸ್ಟೋರ್ ತುಂಬ ಇವೆ. ನಿಮ್ಮ ಹಾಲ್‌ನಲ್ಲಿ ಅಷ್ಟು ಕಷ್ಟದ ಬ್ಲಡ್‌ಬೋರ್ನ್ ಗೇಮ್‌ನ ಮೂರ್ತಿ ಪಕ್ಕ ಜಿಗಿಯುವ ಪಿಜ್ಜಾ ಮೂರ್ತಿ ನಿಲ್ಲಿಸುತ್ತೀರಾ? ಕೋಣೆ ಬರೋದೇ ಆದರೆ ಶೇಕಡಾ 5ಕ್ಕಿಂತ ಕಡಿಮೆ ಜನರಿಗೆ ಸಿಕ್ಕಿದ ಟ್ರೋಫಿಗೆ ಮಾತ್ರ ಒಳಗೆ ಬಿಡಬೇಕು.

ಮೂರನೇ_ಮಹಡಿ:
ಅಂದರೆ ನಿಮಗೂ ಕೋಣೆ ಬೇಕು, ಬಾಗಿಲಲ್ಲಿ ಕಾವಲು ನೀವೇ ನಿಲ್ಲಬೇಕು ಅಷ್ಟೆ.

ಪ್ಲಾಟಿನಂ_ಪುಟ್ಟ:
ಯಾರೋ ಒಬ್ಬರು ನಿಲ್ಲಲೇಬೇಕಲ್ಲ.

ಅಣಬೆ_ಸಾರು:
ನನ್ನ ಹಾಲ್‌ಗೆ ನೀವ್ಯಾರು ರೀ ಕಾವಲು? ಸುಲಭದ್ದೋ ಕಷ್ಟದ್ದೋ, ನನಗೆ ಇಷ್ಟವಾದದ್ದನ್ನು ಇಡುತ್ತೀನಿ. ಜಿಗಿಯುವ ಪಿಜ್ಜಾ ಮಧ್ಯದಲ್ಲೇ ಇರುತ್ತೆ, ಲೈಟ್ ಬೇರೆ ಹಾಕಿಸ್ತೀನಿ.