ಸಹಾಯ ಬೇಕು: ಮಿಲ್ಟನ್ ಕೀನ್ಸ್‌ನಿಂದ ಕೆಂಡಲ್‌ಗೆ ಪೆಟ್ರೋಲ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮುಂದಿನ ಶುಕ್ರವಾರ ಸಂಜೆ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಿಂದ ಕೆಂಡಲ್‌ಗೆ ಕಾರಿನಲ್ಲಿ ಹೊರಟಿದ್ದೇವೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರಿಗೆ ಕೆಂಡಲ್ ಹತ್ತಿರದ ಸರೋವರಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್ ತೋರಿಸಬೇಕು. ಎಂ1 ಮೋಟರ್‌ವೇ ಹಿಡಿದು, 19ನೇ ಜಂಕ್ಷನ್‌ನಲ್ಲಿ ಎಂ6ಗೆ ಸೇರಿ, 36ರಲ್ಲಿ ಇಳಿಯುವುದು. ಒಂದು ಕಡೆಗೆ ಸುಮಾರು 200 ಮೈಲಿ. ದಾರಿ ಗೊತ್ತಿದೆ, ಖರ್ಚಿನ ಲೆಕ್ಕವೇ ತಲೆನೋವು.

ಇಲ್ಲಿ ಪೆಟ್ರೋಲ್ ಮಾರುವುದು ಲೀಟರ್‌ನಲ್ಲಿ, ಕಾರು ಮೈಲೇಜ್ ತೋರಿಸುವುದು ಗ್ಯಾಲನ್‌ನಲ್ಲಿ! ನಮ್ಮದು ಗ್ಯಾಲನ್‌ಗೆ 45 ಮೈಲಿ ತೋರಿಸುತ್ತದೆ. ಒಂದು ಆ್ಯಪ್ 17 ಲೀಟರ್ ಸಾಕು ಎಂದಿತು. ನೋಡಿದರೆ ಅದು 3.785 ಲೀಟರಿನ ಅಮೆರಿಕದ ಗ್ಯಾಲನ್ ಹಿಡಿದಿತ್ತು. ಬ್ರಿಟನ್ನಿನ ಗ್ಯಾಲನ್ 4.546 ಲೀಟರ್. ಹಾಗೆ ಲೆಕ್ಕ ಹಾಕಿದರೆ 20 ಲೀಟರ್. ಲೀಟರ್‌ಗೆ 1.40 ಪೌಂಡ್ ಎಂದುಕೊಂಡರೂ ಹೋಗಲು 28, ಬರಲು 28.

ಇಲ್ಲಿಯವರೆಗೆ ಸರಿ. ಆದರೆ ಆ 45 ನಾನೊಬ್ಬನೇ ಆಫೀಸಿಗೆ ಓಡಿಸುವಾಗಿನದು. ಈಗ ಐದು ಜನ, ಮೇಲೆ ಸಾಮಾನು ತುಂಬುವ ರೂಫ್ ಬಾಕ್ಸ್, ಮೋಟರ್‌ವೇನಲ್ಲಿ ಗಂಟೆಗೆ 70 ಮೈಲಿ ವೇಗ. ಅಮ್ಮನ ಚಕ್ಲಿ ಡಬ್ಬಗಳ ಭಾರ ಬೇರೆ! ಯಾವ ಆ್ಯಪ್‌ನಲ್ಲೂ ಇದನ್ನು ಸೇರಿಸಲು ಜಾಗವಿಲ್ಲ. ಇನ್ನೊಂದು, ಬರ್ಮಿಂಗ್‌ಹ್ಯಾಮ್ ಹತ್ತಿರ ಟ್ರಾಫಿಕ್ ತಪ್ಪಿಸಲು 27 ಮೈಲಿಯ ಎಂ6 ಟೋಲ್ ರಸ್ತೆ ಇದೆ. ಸುಮ್ನೆ ದುಡ್ಡು ಕಟ್ಟಬೇಕಾ ಅಂತ ಅನುಮಾನ.

ರೂಫ್ ಬಾಕ್ಸ್ ಹಾಕಿಕೊಂಡು ಈ ಕಡೆ ಹೋದವರು ಹೇಳಿ: ನಿಮ್ಮ ಮೈಲೇಜ್ ಎಷ್ಟು ಇಳಿಯಿತು? ಶುಕ್ರವಾರ ಸಂಜೆ ಟೋಲ್ ರಸ್ತೆ ಹಿಡಿಯಬೇಕಾ, ಬೇಡವಾ?