ಆರನೆಯ ಸೆಕೆಂಡಿನಲ್ಲಿ ಕಾಣೆಯಾದ ಸ್ವರ

ನಾನು: ಮಗಳ ಆನ್‌ಲೈನ್ ಪಿಯಾನೊ ಪಾಠದ ನಲವತ್ತು ಸೆಕೆಂಡುಗಳ ವಿಡಿಯೊ ತುಣುಕನ್ನು ನಮ್ಮ ಕುಟುಂಬದ ಗುಂಪಿನಲ್ಲಿ ಮೇಲೆ ಹಾಕಿದ್ದೇನೆ. ಎಂಟು ತಿಂಗಳ ಕಲಿಕೆಯಲ್ಲಿ ಎರಡೂ ಕೈಗಳನ್ನು ಸೇರಿಸಿ ಅವಳು ಪೂರ್ತಿಯಾಗಿ ನುಡಿಸಿದ್ದು ಇದೇ ಮೊದಲು. ಅವಳ ಶಿಕ್ಷಕಿ ತಮ್ಮ ಕಡೆಯಿಂದ ಮುದ್ರಿಸಿ ಕಳುಹಿಸಿದ್ದಾರೆ.

ಅಣ್ಣ: ಮೂರು ಬಾರಿ ಕೇಳಿದೆ. ಮಗು ಚೆನ್ನಾಗಿ ನುಡಿಸಿದ್ದಾಳೆ, ಆದರೆ ಆರನೆಯ ಸೆಕೆಂಡನ್ನು ಗಮನಿಸು. ನಾಲ್ಕು ಎಣಿಕೆಯವರೆಗೆ ಉಳಿಯಬೇಕಾದ ಎಡಗೈಯ ಸ್ವರ ಎರಡಕ್ಕೇ ನಿಂತುಹೋಗಿದೆ, ಮುಂದೆಯೂ ಹಾಗೆಯೇ ಆಗಿದೆ. ಎಂಟು ತಿಂಗಳಾದರೂ ಇಷ್ಟನ್ನು ತಿದ್ದದಿದ್ದರೆ ಅದು ಪರದೆಯ ಮೂಲಕ ಕಲಿಸುವುದರ ಮಿತಿ. ಮನೆಗೆ ಬಂದು ಪಕ್ಕದಲ್ಲಿ ಕುಳಿತು ಕಲಿಸುವವರನ್ನು ಗೊತ್ತುಮಾಡುವುದು ಒಳ್ಳೆಯದು.

ಅತ್ತಿಗೆ: ಒಂದೂವರೆ ವರ್ಷದಿಂದ ನಾನೂ ಪರದೆಯ ಮೂಲಕವೇ ಕಲಿಯುತ್ತಿದ್ದೇನೆ ಎಂಬುದನ್ನು ನಿಮ್ಮಣ್ಣ ಮರೆತಂತಿದೆ. ಪಾಠದ ವಿಡಿಯೊ ಕೈಯಲ್ಲಿರುವುದರಿಂದ ಅರ್ಥವಾಗದ ಭಾಗವನ್ನು ಮರುದಿನ ಹತ್ತು ಸಲ ನೋಡಬಹುದು. ಮನೆಗೆ ಬರುವ ಶಿಕ್ಷಕರನ್ನು ಹತ್ತು ಸಲ ಕೇಳುವ ಧೈರ್ಯ ನನಗಂತೂ ಇಲ್ಲ.

ಅಣ್ಣ: ನಿನಗೆ ತಪ್ಪು ಯಾವುದೆಂದು ತಿಳಿಯುತ್ತದೆ. ಒಂಬತ್ತು ವರ್ಷದ ಮಗುವಿಗೆ ಅದು ತಿಳಿಯುವುದಿಲ್ಲ.

ಚಿಕ್ಕಮ್ಮ: ಇಷ್ಟು ವರ್ಷ ಪಿಯಾನೊ ಕಲಿಸಿದವಳಾಗಿ ಒಂದು ಮಾತು. ಆರನೆಯ ಸೆಕೆಂಡಿನಲ್ಲಿ ಕಿವಿಯನ್ನು ಬಿಟ್ಟು ಕಣ್ಣನ್ನು ಬಳಸಿ ನೋಡಿ. ಎಡಗೈಯ ಕಿರುಬೆರಳು ಕೀಯನ್ನು ಒತ್ತಿಕೊಂಡೇ ಇದೆ, ನಾಲ್ಕನೆಯ ಎಣಿಕೆ ಮುಗಿಯುವವರೆಗೂ ಅದು ಮೇಲೇಳುವುದಿಲ್ಲ. ಬೆರಳು ಅಲ್ಲಿದೆ, ಸ್ವರ ಮಾತ್ರ ಇಲ್ಲ. ವಿಡಿಯೊ ಕರೆಯ ಆ್ಯಪ್‌ಗಳನ್ನು ಮಾತಿಗಾಗಿ ಮಾಡಿರುತ್ತಾರೆ. ಫ್ಯಾನಿನ ಸದ್ದಿನಂತೆ ಒಂದೇ ಸಮನೆ ಎಳೆಯುವ ನಾದವನ್ನು ಅವು ಗದ್ದಲವೆಂದು ಭಾವಿಸಿ ಅಳಿಸುತ್ತವೆ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದ ಸದ್ದು ದಾಟಿಹೋಗುತ್ತದೆ, ಅದರ ಹಿಂದೆ ನಿಧಾನವಾಗಿ ಕ್ಷೀಣಿಸುತ್ತಾ ಉಳಿಯುವ ನಾದ ಅಳಿಸಿಹೋಗುತ್ತದೆ. ಮಗುವಿನ ತಪ್ಪೇನೂ ಇಲ್ಲ.

ಅಣ್ಣ: ಚಿಕ್ಕಮ್ಮ, ನೀವು ನನ್ನ ವಾದಕ್ಕೇ ಬಲ ಕೊಟ್ಟಿರಿ. ಈ ತುಣುಕು ಶಿಕ್ಷಕಿಯ ಕಡೆಯದು. ಎಂದರೆ ಎಂಟು ತಿಂಗಳಿಂದ ಅವರಿಗೆ ಕೇಳಿಸುತ್ತಿರುವುದೂ ಈ ಕತ್ತರಿಸಿದ ಸ್ವರವೇ. ಕೇಳಿಸದ್ದನ್ನು ಅವರು ಹೇಗೆ ತಿದ್ದುತ್ತಾರೆ?

ಚಿಕ್ಕಮ್ಮ: ಆ ಮಾತನ್ನು ತಳ್ಳಿಹಾಕಲಾರೆ. ಇನ್ನೂ ಗಂಭೀರವಾದ ವಿಷಯವನ್ನೂ ಹೇಳಿಬಿಡುತ್ತೇನೆ: ಇಂಥ ಆ್ಯಪ್‌ಗಳು ಮೆಲುದನಿಯನ್ನು ತಾವಾಗಿಯೇ ಏರಿಸಿ, ಜೋರಾದುದನ್ನು ತಗ್ಗಿಸಿ, ಎರಡನ್ನೂ ಒಂದೇ ಮಟ್ಟಕ್ಕೆ ತರುತ್ತವೆ. 1700ರ ಸುಮಾರಿಗೆ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಈ ವಾದ್ಯವನ್ನು ರೂಪಿಸಿದ್ದರ ಹಿರಿಮೆಯೇ ಬೆರಳಿನ ಒತ್ತಡಕ್ಕೆ ತಕ್ಕಂತೆ ಮೆಲ್ಲಗೂ ಜೋರಾಗಿಯೂ ನುಡಿಸಬಹುದು ಎಂಬುದು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತಿತ್ತು, ಎಷ್ಟು ಬಲವಾಗಿ ಒತ್ತಿದರೂ ಸದ್ದಿನ ಮಟ್ಟ ಹೆಚ್ಚುಕಡಿಮೆ ಒಂದೇ. ಪಿಯಾನೊ ಎಂಬ ಹೆಸರಿಗೆ ಮೆಲುದನಿ ಎಂದೇ ಅರ್ಥ, ಆ ಗುಣವನ್ನೇ ಆ್ಯಪ್ ನುಂಗಿದರೆ ಶಿಕ್ಷಕಿಗೆ ಉಳಿಯುವುದು ಸ್ವರ ಸರಿಯೋ ತಪ್ಪೋ ಎಂದು ನೋಡುವ ಕೆಲಸ ಮಾತ್ರ. ಆದರೆ ಇದಕ್ಕೆ ಪರಿಹಾರವಿದೆ. ಹಲವು ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ಗದ್ದಲ ತಗ್ಗಿಸುವುದನ್ನು ನಿಲ್ಲಿಸಿ ಮೂಲ ಧ್ವನಿಯನ್ನೇ ಕಳುಹಿಸುವ ಆಯ್ಕೆ ಇರುತ್ತದೆ. ಅದನ್ನು ಮಗುವಿನ ಕಡೆಯ ಸಾಧನದಲ್ಲಿ ಆನ್ ಮಾಡಬೇಕು, ಶಿಕ್ಷಕಿಯ ಕಡೆ ಮಾಡಿದರೆ ಸಾಲದು.

ಅಪ್ಪ: ಶಿಕ್ಷಕಿಯೂ ಮಗುವೂ ಪರದೆಯ ಮೂಲಕ ಒಟ್ಟಿಗೆ ನುಡಿಸಬಹುದೇ ಎಂಬುದು ನನ್ನ ಸಂದೇಹ. ಪಕ್ಕದಲ್ಲಿ ಕುಳಿತ ಗುರುವಿನ ಜೊತೆ ನುಡಿಸುವಾಗ ಲಯ ತಾನಾಗಿಯೇ ಮೈಗೂಡುತ್ತದೆ.

ಚಿಕ್ಕಮ್ಮ: ಭಾವ, ನುಡಿಸಲಾಗದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಆದ್ದರಿಂದ ಎರಡು ಮೀಟರ್ ದೂರದಲ್ಲಿ ಕುಳಿತವರಿಗೆ ಅದು ಸೆಕೆಂಡಿನ ಸಾವಿರದಲ್ಲಿ ಆರು ಭಾಗದೊಳಗೆ ತಲುಪುತ್ತದೆ. ವಿಡಿಯೊ ಕರೆಯಲ್ಲಿ ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ತಡವಾಗುತ್ತದೆ. ಲಯದ ಎಣಿಕೆ ಹಾಕುವ ಸಾಧನವಾದ ಮೆಟ್ರೋನೋಮನ್ನು ನಿಮಿಷಕ್ಕೆ 120ಕ್ಕೆ ಇಟ್ಟರೆ ಒಂದು ಎಣಿಕೆಗೆ ಅರ್ಧ ಸೆಕೆಂಡು. ಅದರಲ್ಲಿ ಐದನೆಯ ಒಂದು ಭಾಗ ದಾರಿಯಲ್ಲೇ ಕಳೆದರೆ ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತಾ ನಿಧಾನವಾಗುತ್ತಲೇ ಹೋಗುತ್ತಾರೆ. ಒಬ್ಬರು ನುಡಿಸಿ, ಇನ್ನೊಬ್ಬರು ಉತ್ತರಿಸುವುದೊಂದೇ ದಾರಿ. ಪ್ಯಾರಿಸ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಪಿಯಾನೊ ವಾದಕ ಶೋಪಾನ್ ಜೀವನ ನಡೆಸಿದ್ದು ಬಹುಮಟ್ಟಿಗೆ ಖಾಸಗಿ ಪಾಠಗಳಿಂದ. ದೊಡ್ಡ ಪಿಯಾನೊದ ಮುಂದೆ ಶಿಷ್ಯರನ್ನು ಕೂರಿಸಿ ತಾವು ಪಕ್ಕದ ಚಿಕ್ಕ ಪಿಯಾನೊದಲ್ಲಿ ನುಡಿಸಿ ತೋರಿಸುತ್ತಿದ್ದರು. ನುಡಿಸಿ ತೋರಿಸುವ ಆ ಭಾಗ ಪರದೆಯ ಮೂಲಕವೂ ಸಾಗುತ್ತದೆ, ಜೊತೆಗೂಡಿ ನುಡಿಸುವುದು ಸಾಗುವುದಿಲ್ಲ.

ನಾನು: ಅಣ್ಣ, ಪಕ್ಕದಲ್ಲಿ ಕುಳಿತು ಕಲಿಸುವವರ ಬಗ್ಗೆ ನಿನಗೆ ಇಷ್ಟು ಭರವಸೆ ಎಲ್ಲಿಂದ ಬಂತೋ ತಿಳಿಯದು. ನಮ್ಮಿಬ್ಬರಿಗೂ ಚಿಕ್ಕಂದಿನಲ್ಲಿ ಮನೆಗೇ ಬಂದು ಕಲಿಸಿದವರು ಕೀಗಳ ಮೇಲೆ ಸ್ವರಗಳ ಹೆಸರಿನ ಚೀಟಿ ಅಂಟಿಸಿ, ಪುಸ್ತಕದ ಪ್ರತಿಯೊಂದು ಸ್ವರದ ಮೇಲೂ ಬೆರಳಿನ ಸಂಖ್ಯೆ ಬರೆದುಕೊಟ್ಟಿದ್ದರು. ಹೆಬ್ಬೆರಳಿಗೆ ಒಂದು, ಕಿರುಬೆರಳಿಗೆ ಐದು. ಎರಡು ವರ್ಷಗಳಲ್ಲಿ ನಾನು ಸಂಖ್ಯೆ ಓದಲು ಕಲಿತೆನೇ ಹೊರತು ಸ್ವರಲಿಪಿ ಓದಲು ಕಲಿಯಲಿಲ್ಲ. ಚೀಟಿ ಕಿತ್ತ ದಿನ ನೀನು ಅತ್ತದ್ದು ನನಗೆ ಚೆನ್ನಾಗಿ ನೆನಪಿದೆ.

ಅಣ್ಣ: ಅದು ಅವರ ತಪ್ಪು, ಪದ್ಧತಿಯ ತಪ್ಪಲ್ಲ. ಅಲ್ಲದೆ ನಾನು ಅಳಲಿಲ್ಲ.

ಅಪ್ಪ: ಅತ್ತಿದ್ದೆ.

ಅತ್ತಿಗೆ: ಗುರು ಪಕ್ಕದಲ್ಲಿದ್ದರೆ ಕೈ ಸುರಕ್ಷಿತ ಎಂದೂ ಹೇಳಲಾಗದು. ಜರ್ಮನಿಯ ಸಂಗೀತ ರಚನಕಾರ ರಾಬರ್ಟ್ ಶುಮಾನ್ ತಮ್ಮ ಗುರು ಫ್ರೀಡ್ರಿಕ್ ವೀಕ್ ಅವರ ಮನೆಯಲ್ಲೇ ಕೆಲಕಾಲ ವಾಸವಿದ್ದು ಕಲಿತವರು. ಆದರೂ 1830ರ ದಶಕದ ಆರಂಭದಲ್ಲಿ ಅವರ ಬಲಗೈ ಬೆರಳು ಕೆಟ್ಟು, ವಾದಕರಾಗುವ ಆಸೆಯನ್ನು ಬಿಡಬೇಕಾಯಿತು. ಕಾರಣದ ಬಗ್ಗೆ ಒಮ್ಮತವಿಲ್ಲ.

ಚಿಕ್ಕಮ್ಮ: ಉದಾಹರಣೆ ಚೆನ್ನಾಗಿದೆ, ಆದರೆ ಅದರಿಂದ ನಮ್ಮ ಮಗುವಿನ ಕೈಯ ಸ್ಥಿತಿ ತಿಳಿಯುವುದಿಲ್ಲ. ಫೋನನ್ನು ಪಿಯಾನೊದ ಪಕ್ಕದಲ್ಲಿ, ಮೊಣಕೈಯ ಮಟ್ಟಕ್ಕೆ ಇಟ್ಟು ಅದೇ ಪಾಠವನ್ನು ಮತ್ತೆ ನುಡಿಸಲು ಹೇಳಮ್ಮ. ಕರೆಯ ಮೂಲಕ ಬೇಡ, ಫೋನಿನಲ್ಲೇ ನೇರವಾಗಿ ಮುದ್ರಿಸು.

ನಾನು: ಎರಡನೆಯ ತುಣುಕನ್ನು ಈಗ ಹಾಕಿದ್ದೇನೆ.

ಚಿಕ್ಕಮ್ಮ: ಎಡಗೈಯ ಸ್ವರ ನಾಲ್ಕು ಎಣಿಕೆಯೂ ತುಂಬಿ ನಿಂತಿದೆ, ನೀವೆಲ್ಲರೂ ಕೇಳಿ. ಆದರೆ ಮಣಿಕಟ್ಟನ್ನು ನೋಡಿ. ಅದು ಕೀಗಳ ಮಟ್ಟಕ್ಕಿಂತ ಕೆಳಗೆ ಇಳಿದು ಪಿಯಾನೊದ ಅಂಚಿಗೆ ತಾಗುತ್ತಿದೆ. ಮೊಣಕೈ ಇನ್ನೂ ಕೆಳಗಿದೆ, ಅದಕ್ಕಾಗಿ ಭುಜವನ್ನು ಕಿವಿಯತ್ತ ಎತ್ತಿಕೊಂಡಿದ್ದಾಳೆ. ಬೆಂಚು ತಗ್ಗಾಗಿದೆ. ಮುಂಗೈ ನೆಲಕ್ಕೆ ಸಮಾನಾಂತರವಾಗಿ, ಕೀಗಳ ಮಟ್ಟದಲ್ಲಿರಬೇಕು. ಪಾಠದ ಕ್ಯಾಮೆರಾ ನೆತ್ತಿಯ ಮೇಲಿನಿಂದ ನೋಡುತ್ತಿರುವುದರಿಂದ ಶಿಕ್ಷಕಿಗೆ ಬೆರಳುಗಳೆಲ್ಲ ಕಾಣುತ್ತವೆ, ಈ ಇಳಿಜಾರು ಮಾತ್ರ ಕಾಣುವುದಿಲ್ಲ. ಕೋಣೆಯಲ್ಲಿದ್ದವರಾಗಿದ್ದರೆ ಮೊದಲ ದಿನವೇ ಬೆಂಚಿನ ತಿರುಪು ತಿರುಗಿಸುತ್ತಿದ್ದರು.

ಅಣ್ಣ: ಇದನ್ನೇ ನಾನು ಬೆಳಗಿನಿಂದ ಹೇಳುತ್ತಿರುವುದು.

ಚಿಕ್ಕಮ್ಮ: ನೀನು ಬೆಳಗಿನಿಂದ ಹೇಳುತ್ತಿರುವುದು ಮಗು ಸ್ವರವನ್ನು ಬೇಗ ಬಿಡುತ್ತಾಳೆಂದು. ಅದು ಸುಳ್ಳಾಯಿತು. ಶಿಕ್ಷಕಿಯನ್ನು ಬದಲಿಸಬೇಡಿ, ಮಗುವಿನ ಲಯವೂ ಬೆರಳುಗಳ ಆಯ್ಕೆಯೂ ಅಚ್ಚುಕಟ್ಟಾಗಿವೆ, ಅದು ಚೀಟಿ ಅಂಟಿಸಿ ಬರುವಂಥದ್ದಲ್ಲ. ಆದರೆ ಮೊದಲ ಒಂದೆರಡು ತಿಂಗಳು ಯಾರಾದರೂ ಎದುರಿಗಿದ್ದು ಕೂರುವ ಭಂಗಿಯನ್ನು ತಿದ್ದಬೇಕಿತ್ತು. ಈಗಲಾದರೂ ತಿಂಗಳಿಗೊಮ್ಮೆ ತಿಳಿದವರೊಬ್ಬರು ಬಂದು ಕೈಯನ್ನು ನೋಡಲಿ, ಉಳಿದ ಪಾಠಗಳು ಪರದೆಯ ಮೂಲಕವೇ ನಡೆಯಲಿ. ಪಾಠದಲ್ಲಿ ಪಕ್ಕದಿಂದಲೂ ಒಂದು ಕ್ಯಾಮೆರಾ ಇರಲಿ.

ಅಣ್ಣ: ತಿಂಗಳಿಗೊಮ್ಮೆ ಸಾಲದು, ವಾರಕ್ಕೊಮ್ಮೆಯಾದರೂ ಬೇಕು. ನನ್ನ ಅಭಿಪ್ರಾಯ ಬದಲಾಗಿಲ್ಲ ಎಂಬುದು ಎಲ್ಲರಿಗೂ ತಿಳಿದಿರಲಿ.

ಮಗಳು: ನಾನು ಅಮ್ಮನ ಫೋನಿನಿಂದ ಬರೆಯುತ್ತಿದ್ದೇನೆ. ಬೆಂಚನ್ನು ಎತ್ತರ ಮಾಡಿದರೆ ಪೆಡಲಿಗೆ ಕಾಲು ಎಟುಕುವುದಿಲ್ಲ.

ಚಿಕ್ಕಮ್ಮ: ಈ ಪಾಠಕ್ಕೆ ಪೆಡಲ್ ಬೇಕಿಲ್ಲ, ಕಂದ. ಕಾಲುಗಳು ಜೋತಾಡದಂತೆ ಕೆಳಗೆ ಒಂದು ಗಟ್ಟಿಯಾದ ಮಣೆ ಇಡಲು ಅಮ್ಮನಿಗೆ ಹೇಳು.

ನಾನು: ಬೆಂಚನ್ನು ಎತ್ತರಿಸಿ, ಆ್ಯಪ್‌ನಲ್ಲಿ ಮೂಲ ಧ್ವನಿಯ ಆಯ್ಕೆಯನ್ನು ಆನ್ ಮಾಡಿ ಶಿಕ್ಷಕಿಗೆ ಒಂದು ಕರೆ ಮಾಡಿದೆವು. ಮಗಳು ಅದೇ ಪಾಠವನ್ನು ನುಡಿಸಿದಳು. ಅವರ ಕಡೆ ಮುದ್ರಿತವಾದ ಮೂರನೆಯ ತುಣುಕು ಇಲ್ಲಿದೆ. ಎಂಟು ತಿಂಗಳಲ್ಲಿ ಅವಳು ಮೆಲ್ಲಗೆ ನುಡಿಸಿದ್ದು ತಮಗೆ ಇಂದೇ ಮೊದಲು ಕೇಳಿಸಿತು ಎಂದು ಅವರು ಹೇಳಿದರು.

ಅಣ್ಣ: ಕೇಳಿದೆ. ಆರನೆಯ ಸೆಕೆಂಡು ಸರಿಯಾಗಿದೆ. ಹದಿನೇಳನೆಯ ಸೆಕೆಂಡಿನಲ್ಲಿ ಬಲಗೈ ತಪ್ಪಿದೆ.

ಮಗಳು: ಹೌದು ಮಾವ, ಅದು ತಪ್ಪು.